ಕೊಟ್ಟಿಗೆಯಲ್ಲಿ ಕಲಿಯುವ ಆರೋಗ್ಯಪಾಠ

ಕಳೆದ ಬೇಸಿಗೆಯಲ್ಲಿ ಶ್ರೀಮಠದ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದ ಸ್ವೀಕರಿಸುತ್ತಿದ್ದಾಗ, ಚಿಂತಾಮಣಿ ಕಡೆಯ ಹಿರಿಯ ಭಕ್ತರೊಬ್ಬರು ನನ್ನ ಪಕ್ಕದಲ್ಲಿ ಬಂದು ಕುಳಿತರು. ಅವರ ಮಗಳು ಪಶುವೈದ್ಯಕೀಯ ಪದವಿಯ ವಿದ್ಯಾರ್ಥಿನಿ. ರಜೆಯಲ್ಲಿ ಒಂದು ತಿಂಗಳ ಕಾಲ ಸೇವಾಸಂಸ್ಥೆಯೊಂದರ ಜೊತೆಗೂಡಿ ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂಟರ್ನ್‌ಶಿಪ್ ಮಾಡುವೆನೆಂದು ಹಟ ಹಿಡಿದಿದ್ದಳಂತೆ. "ಡಾಕ್ಟರೇ, ನಮ್ಮ ಮನೆಯ ಕೊಟ್ಟಿಗೆಯಲ್ಲಿ ಇಲ್ಲದ್ದು ಆ ಊರುಗಳ ಕೊಟ್ಟಿಗೆಗಳಲ್ಲಿ ಏನಿದೆ?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಅಂದು ಸಂಕ್ಷೇಪವಾಗಿ ಹೇಳಿದ್ದನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಸುಮಾರು ನಲವತ್ತು ವರ್ಷಗಳ ಹಿಂದೆ ನಾನೂ ಇಂಟರ್ನ್ ಆಗಿದ್ದೆ. ನಲವತ್ತರ ಪ್ರಾಯದ ರೈತರೊಬ್ಬರು ಮೂರು ತಿಂಗಳಿನಿಂದ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಹಾಗೂ ಕೀಲುಗಳ ನೋವಿನಿಂದ ನಮ್ಮಲ್ಲಿಗೆ ಬಂದರು. ವಿಷಮಜ್ವರವೆಂದು ಬಗೆದು ನಾನು ಕಷಾಯ ಬರೆದುಕೊಟ್ಟೆ. ಅದಕ್ಕೂ ಮೊದಲು ಬೇರೆಡೆ ಮಲೇರಿಯಾ ಮಾತ್ರೆ, ಟೈಫಾಯಿಡ್ ಔಷಧಿ ಎರಡೂ ಮುಗಿದಿದ್ದವು. ವಾರ ಕಳೆದರೂ ಜ್ವರ ಇಳಿಯಲಿಲ್ಲ. ಒಂದು ದಿನ ನಮ್ಮ ವಯಸ್ಸಾದ ಕಾಂಪೌಂಡರ್ ಆ ರೋಗಿಯನ್ನು ಒಂದೇ ಮಾತು ಕೇಳಿದರು: "ಈಚೆಗೆ ನಿಮ್ಮ ಹಸು ಕಂದು ಹಾಕಿತ್ತೇ?" ಹೌದು, ಏಳು ತಿಂಗಳ ಗಬ್ಬದ ಹಸು ಕಂದು ಹಾಕಿತ್ತು, ಕಸವನ್ನು ಆತನೇ ಬರಿಗೈಯಲ್ಲಿ ತೆಗೆದಿದ್ದ. ಬೆಂಗಳೂರಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಬ್ರೂಸೆಲ್ಲೋಸಿಸ್ ಎಂದು ತಿಳಿಯಿತು. ಆಧುನಿಕ ಔಷಧಗಳನ್ನು ವಾರಗಟ್ಟಲೆ ಬಿಡದೆ ಸೇವಿಸಿದ ಮೇಲೆ ಆತ ಚೇತರಿಸಿಕೊಂಡ. ನಾಡಿ ನೋಡಿದ್ದೆ, ನಾಲಗೆ ನೋಡಿದ್ದೆ, ಆಹಾರ-ವಿಹಾರ ವಿಚಾರಿಸಿದ್ದೆ. ಆದರೆ ಹಸುವಿನ ಸುದ್ದಿ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಆ ತಪ್ಪು ನನ್ನದೇ.

ಬ್ರೂಸೆಲ್ಲೋಸಿಸ್ ಹೊಸ ರೋಗವಲ್ಲ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯ ಮಾಲ್ಟಾ ದ್ವೀಪದಲ್ಲಿ ಇದರ ರೋಗಾಣುವನ್ನು ಗುರುತಿಸಿದ. ಕಂದು ಹಾಕಿದ ಹಸು, ಎಮ್ಮೆ, ಕುರಿ, ಮೇಕೆಗಳ ಸ್ರಾವ ಹಾಗೂ ಕಸವನ್ನು ಮುಟ್ಟುವುದರಿಂದ, ಕಾಯಿಸದ ಹಾಲು ಕುಡಿಯುವುದರಿಂದ ಇದು ಮನುಷ್ಯರಿಗೆ ಬರುತ್ತದೆ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಒಮ್ಮೆ ಲಸಿಕೆ ಹಾಕಿಸಿದರೆ ಆ ಹಸುವಿಗೂ ರಕ್ಷಣೆ, ಮನೆಯವರಿಗೂ ರಕ್ಷಣೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದೊಡನೆ ಈ ರೋಗಕ್ಕೂ ಲಸಿಕೆ ಸೇರಿದೆ.

ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳು ನಮ್ಮಿಂದ ದೂರದವೆಂದು ಯಾರೂ ಭಾವಿಸಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದೇ ಒಂದು ಹೊಸ ಜ್ವರದ ಮುನ್ಸೂಚನೆಯಾಗಿತ್ತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಝೀಕಾ ವೈರಾಣು ಪತ್ತೆಯಾದಾಗ, ಆರೋಗ್ಯ ಸಿಬ್ಬಂದಿ ಸುತ್ತಲಿನ ಊರುಗಳಲ್ಲಿ ಜ್ವರಪೀಡಿತರನ್ನೂ ಗರ್ಭಿಣಿಯರನ್ನೂ ಹುಡುಕಿ ಪರೀಕ್ಷಿಸಬೇಕಾಯಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳು ಸತ್ತು ಹಕ್ಕಿಜ್ವರ ದೃಢಪಟ್ಟಾಗ, ಪಶುವೈದ್ಯರೂ ಆರೋಗ್ಯ ಇಲಾಖೆಯವರೂ ಒಂದೇ ಊರಿನಲ್ಲಿ ಕೆಲಸಕ್ಕಿಳಿದರು. ಕೋಳಿಯನ್ನು ನೋಡುವವರು, ಸೊಳ್ಳೆಯನ್ನು ನೋಡುವವರು, ಮನುಷ್ಯನನ್ನು ನೋಡುವವರು ಪರಸ್ಪರ ಮಾತನಾಡದಿದ್ದರೆ ರೋಗವು ಅವರ ನಡುವಿನ ಸಂದಿಯಲ್ಲಿ ನುಸುಳಿಹೋಗುತ್ತದೆ. ಇದನ್ನೇ ಇಂದು 'ಏಕ ಆರೋಗ್ಯ' ಎನ್ನುತ್ತಾರೆ. ಆನೆಗಾಗಿ ಪಾಲಕಾಪ್ಯ, ಕುದುರೆಗಾಗಿ ಶಾಲಿಹೋತ್ರ ಎಂಬ ಆಚಾರ್ಯರನ್ನು ನೆನೆಯುವ ಆಯುರ್ವೇದ ಪರಂಪರೆಗೆ ಈ ಭಾವನೆ ಹೊಸತಲ್ಲ.

ಹಳ್ಳಿಯಲ್ಲಿ ವಿದ್ಯಾರ್ಥಿ ಕಲಿಯಬೇಕಾದ ಎರಡನೆಯ ಪಾಠ ಹುಚ್ಚುನಾಯಿ ರೋಗದ್ದು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆಯುರ್ವೇದವಾಗಲಿ ಅಲೋಪತಿಯಾಗಲಿ ಆ ರೋಗಿಯನ್ನು ಉಳಿಸಲಾರದು. ಆದ್ದರಿಂದ ನಾಯಿ ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು. ಅದೇ ದಿನ ಲಸಿಕೆ ಆರಂಭಿಸಿ ಎಲ್ಲ ಸರದಿಗಳನ್ನೂ ಮುಗಿಸಬೇಕು. ಆಳವಾದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ಸುಣ್ಣ, ಖಾರದಪುಡಿ, ಎಕ್ಕದ ಹಾಲು ಹಚ್ಚುವುದು ಸಲ್ಲದು. ಈ ಮಾತನ್ನು ಆಯುರ್ವೇದ ವೈದ್ಯನಾಗಿ ನಾನೇ ಹೇಳಬೇಕು. ಏಕೆಂದರೆ ಅಂಥ ಮದ್ದುಗಳನ್ನು ಜನ ನಮ್ಮ ಹೆಸರಿನಲ್ಲೇ ಹಚ್ಚುತ್ತಾರೆ. ಸೇವಾಸಂಸ್ಥೆಗಳು ಈ ವಿಷಯದಲ್ಲಿ ಎಷ್ಟು ಸಾಧಿಸಬಲ್ಲವು ಎಂಬುದಕ್ಕೆ ಗೋವಾ ನಿದರ್ಶನ. 2013ರಲ್ಲಿ ಆರಂಭವಾದ ಮಿಷನ್ ರೇಬೀಸ್ ಎಂಬ ಸಂಸ್ಥೆ ಅಲ್ಲಿ ಸರ್ಕಾರದ ಜೊತೆಗೂಡಿ ಬೀದಿನಾಯಿಗಳಿಗೆ ಲಸಿಕೆ ಹಾಕಿತು, ಶಾಲೆಗಳಲ್ಲಿ ಮಕ್ಕಳಿಗೆ ತಿಳಿವಳಿಕೆ ನೀಡಿತು. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿತವಾಯಿತು.

ಮೂರನೆಯ ಪಾಠ ಹಾಲಿನದು. ಹಿಂದಿನ ಕೋಲಾರ ಜಿಲ್ಲೆಯನ್ನು ಚಿನ್ನ, ಹಾಲು, ರೇಷ್ಮೆಯ ನಾಡು ಎನ್ನುತ್ತಿದ್ದರು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದಾಗ ಹಾಲೂ ರೇಷ್ಮೆಯೂ ನಮ್ಮ ಪಾಲಿಗೂ ಬಂದವು. ಹಸುವಿಗೆ ಕೆಚ್ಚಲುಬಾವು ಬಂದೊಡನೆ ಆ್ಯಂಟಿಬಯಾಟಿಕ್ ಕೊಡಿಸಿ, ವೈದ್ಯರು ಹೇಳಿದ ದಿನಗಳು ಕಳೆಯುವ ಮೊದಲೇ ಹಾಲನ್ನು ಡೇರಿಗೆ ಹಾಕುವವರಿದ್ದಾರೆ. ಔಷಧದ ಅಂಶ ಹಾಲಿನ ಮೂಲಕ ನಮ್ಮ ಮಕ್ಕಳ ಹೊಟ್ಟೆ ಸೇರುತ್ತದೆ. ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಬೆಂಗಳೂರಿನ ಯಲಹಂಕದ ಬಳಿ, 1993ರಲ್ಲಿ ಹುಟ್ಟಿದ ಎಫ್.ಆರ್.ಎಲ್.ಎಚ್.ಟಿ. ಎಂಬ ಲಾಭರಹಿತ ಸಂಸ್ಥೆ ಜಾನುವಾರುಗಳ ನಾಟಿ ಔಷಧಿಗಳನ್ನು ಪರಿಶೀಲಿಸಿ ಪಶುವೈದ್ಯರಿಗೆ ಕಲಿಸುತ್ತಾ ಬಂದಿದೆ. ಕೆಚ್ಚಲುಬಾವಿಗೆ ಅವರು ಹೇಳುವ ಲೇಪ ಸರಳವಾದುದು: ಲೋಳೆಸರ 250 ಗ್ರಾಂ, ಅರಿಶಿನಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ಅರೆದು, ನೀರಿನಲ್ಲಿ ತೆಳುವಾಗಿ ಕದಡಿ, ಹಾಲು ಪೂರ್ತಿ ಹಿಂಡಿ ತೊಳೆದ ಕೆಚ್ಚಲಿಗೆ ದಿನಕ್ಕೆ ಹತ್ತು ಸಲದಂತೆ ಐದು ದಿನ ಹಚ್ಚುವುದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಇದನ್ನು ಪ್ರಚಾರಮಾಡಿದೆ. ಹಸುವಿಗೆ ಜ್ವರವಿದ್ದರೆ, ಮೇವು ಬಿಟ್ಟಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

ಇಂದು ಪಶುವೈದ್ಯಕೀಯ ಪದವಿಯ ಐದೂವರೆ ವರ್ಷಗಳಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್, ಬಿ.ಎ.ಎಂ.ಎಸ್.ನಲ್ಲಿಯೂ ನಾಲ್ಕೂವರೆ ವರ್ಷಗಳ ಓದಿನ ಬಳಿಕ ಒಂದು ವರ್ಷ. ಅದು ಕಡ್ಡಾಯ. ರಜೆಯಲ್ಲಿ ಸೇವಾಸಂಸ್ಥೆಗೆ ಹೋಗುವುದು ಸ್ವಂತ ಇಚ್ಛೆಯ ಕಲಿಕೆ. ಕಾಲೇಜಿನ ಇಂಟರ್ನ್‌ಶಿಪ್‌ಗೆ ಅದು ಬದಲಿಯಾಗದು. ಮಕ್ಕಳನ್ನು ಕಳಿಸುವ ತಂದೆತಾಯಿಯರು ಕೆಲವು ಸಂಗತಿಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನೋಂದಾಯಿತ ವೈದ್ಯರೊಬ್ಬರು ಸದಾ ಜೊತೆಯಲ್ಲಿರುವರೇ? ಹೊರಡುವ ಮುನ್ನ ರೇಬೀಸ್ ಮತ್ತು ಧನುರ್ವಾಯು ಲಸಿಕೆ ಆಗಿದೆಯೇ? ಕೈಗವಸು, ಗಂಬೂಟು ಕೊಡುವರೇ? ವಾಸಕ್ಕೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಸುರಕ್ಷಿತ ಸ್ಥಳವಿದೆಯೇ? ಕಲಿಕೆಯ ಹೆಸರಿನಲ್ಲಿ ಬರಿಯ ಬಿಟ್ಟಿ ಚಾಕರಿ ಮಾಡಿಸಿ ಕೊನೆಗೊಂದು ಪ್ರಮಾಣಪತ್ರ ಕೈಗಿಡುವ ಕಡೆಗೆ ಕಳಿಸಬೇಡಿ. ವಿದ್ಯಾರ್ಥಿಯೂ ತಾನಾಗಿ ಔಷಧಿ ಬರೆಯಕೂಡದು. ನೋಡುವುದು, ಕೇಳುವುದು, ಬರೆದಿಟ್ಟುಕೊಳ್ಳುವುದು ಅವರ ಕಾಯಕ.

ಇನ್ನು ಹಳ್ಳಿಯಲ್ಲಿರುವ ಭಕ್ತರಲ್ಲಿ ನನ್ನದೊಂದು ವಿನಂತಿ. ಇಂಥ ಮಕ್ಕಳು ಮನೆಬಾಗಿಲಿಗೆ ಬಂದಾಗ ಕುಡಿಯಲು ನೀರು ಕೊಟ್ಟು, ಕೊಟ್ಟಿಗೆ ತೋರಿಸಿ, ಕೇಳಿದ್ದಕ್ಕೆ ನಿಜ ಹೇಳಿ. ಹಸು ಕಂದು ಹಾಕಿದ್ದನ್ನು ಮುಚ್ಚಿಡಬೇಡಿ. ಮಾರಾಟಕ್ಕೆ ತೊಂದರೆಯಾದೀತೆಂದು ಮುಚ್ಚಿಟ್ಟ ಸುದ್ದಿ ಮನೆಯವರ ಜ್ವರವಾಗಿ ಹೊರಬರುತ್ತದೆ. ಅನ್ನದಾಸೋಹದಷ್ಟೇ ಜ್ಞಾನದಾಸೋಹವನ್ನೂ ಬಲ್ಲ ಪರಂಪರೆ ನಮ್ಮದು. ಕಲಿಯಲು ಬಂದವರಿಗೆ ಕಲಿಸುವುದೂ ದಾಸೋಹವೇ.

ಆ ಭಕ್ತರು ಅಂದು ಯೋಚಿಸಿ ಮಗಳನ್ನು ಕಳಿಸಿಕೊಟ್ಟರು. ಶ್ರಾವಣದಲ್ಲಿ ಮತ್ತೆ ಭೇಟಿಯಾದಾಗ ನಗುತ್ತಾ ಹೇಳಿದರು: ಮನೆಗೆ ಬಂದವಳು ಮೊದಲು ಕೊಟ್ಟಿಗೆಗೆ ಹೋಗಿ ಹೆಣ್ಣುಕರುವಿಗೆ ಎಷ್ಟು ತಿಂಗಳಾಯಿತೆಂದು ಕೇಳಿದಳಂತೆ. ಆರು ಎಂದಾಗ, ಮರುದಿನವೇ ಪಶು ಆಸ್ಪತ್ರೆಯವರನ್ನು ಕರೆಸಿ ಲಸಿಕೆ ಹಾಕಿಸಿದಳು. ನೊರೆಹಾಲು ಕುಡಿಯುವ ತಂದೆಯ ಬಹುಕಾಲದ ಅಭ್ಯಾಸವನ್ನೂ ಅಂದೇ ಬಿಡಿಸಿದಳು. ನಮ್ಮ ಕೊಟ್ಟಿಗೆಯಲ್ಲಿ ಇಲ್ಲದ್ದು ಅಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ.