ಮದುವೆಯ ದುಡ್ಡು ಎಲ್ಲಿಗೆ ಹೋಗುತ್ತದೆ, ಎಲ್ಲಿಂದ ಬರುತ್ತದೆ?

ಅದ್ದೂರಿ ಮದುವೆ ಎಂದರೆ ನನ್ನ ವಯಸ್ಸಿನವರು ಮೊದಲು ಬೈಯುತ್ತೇವೆ, ಎಲೆ ಮುಂದೆ ಕುಳಿತ ಮೇಲೆ ಹೊಗಳುತ್ತೇವೆ. ಎರಡನ್ನೂ ಪಕ್ಕಕ್ಕಿಟ್ಟು, ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನ ಹಾಗೆ ಜಮಾ-ಖರ್ಚು ನೋಡೋಣ.

ವರ್ತಕರ ಒಕ್ಕೂಟವಾದ ಸಿಎಐಟಿಯ ಅಂದಾಜಿನಂತೆ 2024ರ ನವೆಂಬರ್-ಡಿಸೆಂಬರ್ ಲಗ್ನದ ದಿನಗಳಲ್ಲಿ ದೇಶದಲ್ಲಿ 48 ಲಕ್ಷ ಮದುವೆ, 5.9 ಲಕ್ಷ ಕೋಟಿ ರೂಪಾಯಿ ವಹಿವಾಟು. ಮಕ್ಕಳೇ, ಭಾಗಿಸಿ ನೋಡಿ. ಮದುವೆಗೆ ಸುಮಾರು 12 ಲಕ್ಷ! ವರ್ತಕರ ಅಂದಾಜು ಸ್ವಲ್ಪ ಧಾರಾಳವೇ ಇದ್ದೀತು ಅನ್ನಿ.

ಈ ದುಡ್ಡೆಲ್ಲ ಹಾಳಾಯಿತು ಎನ್ನುವುದು ಸರಿಯಲ್ಲ. ಒಂದು ಮೊಳ ಸೇವಂತಿಗೆಯನ್ನೇ ತೆಗೆದುಕೊಳ್ಳಿ. ಬೆಳೆದ ರೈತ, ಬಿಡಿಸಿದ ಕೂಲಿಯವರು, ಟೆಂಪೋದವನು, ಕಟ್ಟಿ ಮಾರಿದ ಹೆಂಗಸು, ಮಂಟಪಕ್ಕೆ ಏರಿಸಿದ ಹುಡುಗ, ಇಷ್ಟು ಜನರ ಮನೆಗೆ ಅದರಿಂದ ಅಕ್ಕಿ ಹೋಗುತ್ತದೆ. ಓಲಗದವರು, ಅಡುಗೆಯವರು, ಎಲೆ ಎತ್ತುವವರು ಬೇರೆ. 2020ರಲ್ಲಿ ಕೊರೊನಾ ಬಂದು ಮದುವೆಗೆ 50 ಜನ ಮಾತ್ರ ಎಂದಾಗ ಇದು ಎಲ್ಲರಿಗೂ ಅರ್ಥವಾಯಿತು. ಬಿಡಿಸಿದ ಕೂಲಿಯೂ ಹುಟ್ಟದೆ, ಅರಳಿ ನಿಂತ ಹೂವಿನ ತೋಟವನ್ನೇ ಟ್ರ್ಯಾಕ್ಟರ್‌ನಲ್ಲಿ ಉತ್ತುಹಾಕಿದ ರೈತರಿದ್ದರು. ಆ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು.

ಆದರೆ ಮದುವೆಯ ಎಲ್ಲ ದುಡ್ಡೂ ಹೂವಿನ ದುಡ್ಡಿನಂತೆ ಊರೊಳಗೇ ಸುತ್ತುವುದಿಲ್ಲ. ಚಿನ್ನವನ್ನು ನೋಡಿ. ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ತೆಗೆಯುವುದು ದೇಶಕ್ಕೆಲ್ಲಿ ಸಾಕು? ಹೆಚ್ಚಿನ ಚಿನ್ನ ಹೊರದೇಶದಿಂದ ಬರುತ್ತದೆ, ದುಡ್ಡು ಅಲ್ಲಿಗೆ ಹೋಗುತ್ತದೆ. ಹಾಗೆಂದು ಚಿನ್ನವನ್ನು ನಾನು ಬೈಯುವವನಲ್ಲ. ಮದುವೆಯಲ್ಲಿ ಹಾಕಿದ ಸರವೇ ಮುಂದೆ ಮಗುವಿನ ಫೀಸಿಗೋ ಆಸ್ಪತ್ರೆ ಖರ್ಚಿಗೋ ಅಡವಿಗೆ ಬರುವುದನ್ನು ಕೌಂಟರಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅಡವಿಡುವಾಗ ಮಜೂರಿ, ವೇಸ್ಟೇಜು ಯಾವುದಕ್ಕೂ ಬೆಲೆಯಿಲ್ಲ, ತೂಕಕ್ಕೆ ಮಾತ್ರ. ಆದರೂ ಕಷ್ಟಕ್ಕೆ ಆಗುತ್ತದೆ. ಒಂದು ಸಂಜೆಗೆಂದು ಕಟ್ಟಿದ ಥರ್ಮೋಕೋಲಿನ ಅರಮನೆಯನ್ನು ಯಾವ ಬ್ಯಾಂಕೂ ಅಡವಿಗೆ ಇಟ್ಟುಕೊಳ್ಳುವುದಿಲ್ಲ.

ಇನ್ನು ಸಾಲದ ಮಾತು. ಕೂಡಿಟ್ಟ ದುಡ್ಡಿನಲ್ಲಿ ಯಾರಾದರೂ ಸಡಗರ ಪಟ್ಟರೆ ನನ್ನ ತಕರಾರಿಲ್ಲ. ಮದುವೆಗೆಂದು 5 ಲಕ್ಷ ಸಾಲ, ಶೇಕಡಾ 14ರ ಬಡ್ಡಿ, ಐದು ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 11,630 ರೂಪಾಯಿ. ಒಟ್ಟು ಕಟ್ಟುವುದು 6 ಲಕ್ಷ 98 ಸಾವಿರ. ಹೆಚ್ಚಿಗೆ ಹೋದ ಆ ಎರಡು ಲಕ್ಷ ಹೂವಿನವಳಿಗೂ ಸಿಗಲಿಲ್ಲ, ಓಲಗದವನಿಗೂ ಸಿಗಲಿಲ್ಲ. ಹುಟ್ಟಿದ ಮಗು ಎಲ್‌ಕೆಜಿಗೆ ಸೇರುವಾಗಲೂ ಅಪ್ಪ-ಅಮ್ಮನ ಮದುವೆಯ ಕಂತು ನಡೆಯುತ್ತಲೇ ಇರಬಹುದು. ಅಷ್ಟು ವರ್ಷ ಆ ಮನೆಯವರು ಕೈ ಬಿಗಿಹಿಡಿದರೆ ದರ್ಜಿಗೂ ದಿನಸಿ ಅಂಗಡಿಗೂ ಅಷ್ಟು ವ್ಯಾಪಾರ ಕಡಿಮೆ.

ಹಿಂದಿನವರಿಗೂ ಮದುವೆ ಖರ್ಚಿಗೆ ಹೊರಗಿನ ದುಡ್ಡು ಬೇಕಿತ್ತು. ಅದಕ್ಕೆ ಅವರು ಮಾಡಿಕೊಂಡಿದ್ದ ಏರ್ಪಾಡು ಮುಯ್ಯಿ. ಊಟದ ಚಪ್ಪರದ ಬಾಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕುಳಿತು, ಯಾರು ಎಷ್ಟು ಕೊಟ್ಟರೆಂದು ಬರೆಯುತ್ತಿದ್ದರು. ಅವರ ಮನೆಯ ಮದುವೆಗೆ ನಾವು ಅಷ್ಟನ್ನೋ, ಮೇಲೆ ಒಂದು ರೂಪಾಯಿ ಸೇರಿಸಿಯೋ ಹಾಕಿ ಬರಬೇಕು. ಬಡ್ಡಿಯಿಲ್ಲ, ಜಾಮೀನಿಲ್ಲ, ವಾಯಿದೆಯೂ ಇಲ್ಲ. ಈಗ ಎಷ್ಟೋ ಲಗ್ನಪತ್ರಿಕೆಗಳಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚು ಹಾಕಿಸಿ ಮುಯ್ಯಿಯನ್ನು ಬೇಡವೆನ್ನುತ್ತಾರೆ. ಸಾಲಕ್ಕೆ ಮಾತ್ರ ಬ್ಯಾಂಕಿಗೆ ಬರುತ್ತಾರೆ!

ಮಕ್ಕಳೇ, ಅಜ್ಜಿಯ ಟ್ರಂಕಿನಲ್ಲಿ ಹಳೆಯ ಮುಯ್ಯಿ ಪುಸ್ತಕವೇನಾದರೂ ಇದೆಯೇ ಕೇಳಿ. ಇದ್ದರೆ ಪಕ್ಕದಲ್ಲಿ ಕುಳಿತು ಓದಿಸಿಕೊಳ್ಳಿ. ಎರಡು ರೂಪಾಯಿ ಬರೆಸಿದವರು ಯಾರು, ಅವರ ಮನೆಯ ಮದುವೆಗೆ ತಿರುಗಿ ಹೋಯಿತೇ ಇಲ್ಲವೇ, ಅಜ್ಜಿಗೆ ಇನ್ನೂ ನೆನಪಿರುತ್ತದೆ.