ಹಿತ್ತಾಳೆಯ ವಾದ್ಯಗೋಷ್ಠಿಯೂ ಅದರ ಕೃತಿಸಂಪತ್ತೂ

ಯೂರೋಪಿನ ಇತಿಹಾಸದಲ್ಲಿ ಹಿತ್ತಾಳೆಯ ವಾದ್ಯಗಳ ಸ್ಥಾನ ಪ್ರಾಚೀನವಾದುದು. ಅವುಗಳಿಗೆಂದೇ ರಚಿತವಾದ ಗೋಷ್ಠಿಸಂಗೀತ ಮಾತ್ರ ವಿರಳ. ಹೈಡನ್ ಮೊದಲ್ಗೊಂಡು ಅನೇಕ ಮಹಾ ರಚನಕಾರರು ತಂತೀವಾದ್ಯಗಳ ಚತುಷ್ಕಕ್ಕೆ ಬರೆದರು. ಟ್ರಂಪೆಟ್ ಟ್ರೋಂಬೋನುಗಳ ಸಣ್ಣ ಗೋಷ್ಠಿಗೆ ಬರೆದವರು ತೀರ ಕಡಮೆ. ಇದಕ್ಕೆ ಅಭಿರುಚಿಗಿಂತ ಹೆಚ್ಚಾಗಿ ವಾದ್ಯದ ರಚನೆಯೇ ಕಾರಣವೆಂದು ನಾವು ಭಾವಿಸುತ್ತೇವೆ. ಹಳೆಯ ಟ್ರಂಪೆಟ್ಟು ತನ್ನ ಕೊಳವೆಯ ಉದ್ದಕ್ಕೆ ಸಹಜವಾದ ಕೆಲವು ಸ್ವರಗಳನ್ನು ಮಾತ್ರ ನುಡಿಯಬಲ್ಲದಾಗಿತ್ತು. ಕೆಳಗಣ ಸ್ಥಾಯಿಯಲ್ಲಿ ಆ ಸ್ವರಗಳ ನಡುವೆ ದೊಡ್ಡ ಅಂತರಗಳಿದ್ದುವು. ಪ್ರಷ್ಯದಲ್ಲಿ 1818ರಲ್ಲಿ ಷ್ಟೋಲ್‌ಟ್ಸೆಲ್ ಮತ್ತು ಬ್ಲ್ಯೂಮೆಲ್ ಎಂಬವರು ಕವಾಟದ ಪೇಟೆಂಟನ್ನು ಪಡೆದ ಮೇಲೆಯೇ ಈ ಬಂಧನ ಕ್ರಮೇಣ ಸಡಿಲವಾದುದು. ಅಷ್ಟರಲ್ಲಿ ಗೋಷ್ಠಿಸಂಗೀತದ ಪರಂಪರೆ ಇತರ ವಾದ್ಯಗಳ ಪಾಲಾಗಿ ಹೋಗಿತ್ತು.

ಈ ಹಿನ್ನೆಲೆಯಲ್ಲಿ ಲಂಡನ್ನಿನ ಫಿಲಿಪ್ ಜೋನ್ಸ್ ಹಿತ್ತಾಳೆ ವಾದ್ಯವೃಂದದ ಕಾರ್ಯ ಪರಿಶೀಲನಾರ್ಹವಾದುದು. ಜೋನ್ಸ್ (1928-2000) ದೊಡ್ಡ ಮೇಳಗಳ ಟ್ರಂಪೆಟ್ ವಾದಕರು. ಮೈಸೂರಿನ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಧನಸಹಾಯವಿತ್ತು ಪೋಷಿಸಿದ ಫಿಲ್‌ಹಾರ್ಮೋನಿಯ ಮೇಳದಲ್ಲಿಯೂ ಅವರು 1960ರ ದಶಕದ ಮೊದಲ ವರ್ಷಗಳಲ್ಲಿ ಮುಖ್ಯ ವಾದಕರಾಗಿದ್ದರೆಂಬುದನ್ನು ನಮ್ಮ ಓದುಗರ ಗಮನಕ್ಕೆ ಪ್ರಾಸಂಗಿಕವಾಗಿ ತರಬಹುದು. ಮೇಳದಲ್ಲಿ ಟ್ರಂಪೆಟ್ ವಾದಕನ ಪಾಲಿಗೆ ನುಡಿಸುವ ಕಾಲಕ್ಕಿಂತ ತಾಳವೆಣಿಸುತ್ತ ಕಾಯುವ ಕಾಲವೇ ಹೆಚ್ಚು. ಆಮ್‌ಸ್ಟರ್‌ಡಾಮಿನ ಚತುಷ್ಕವೊಂದರಿಂದ ಪ್ರೇರಿತರಾಗಿ ಜೋನ್ಸ್ 1951ರಲ್ಲಿ ಆರಂಭಿಸಿದ ಗೋಷ್ಠಿಯು ಮುಂದೆ ನಾಲ್ಕು ಟ್ರಂಪೆಟ್, ಒಂದು ಹಾರ್ನ್, ನಾಲ್ಕು ಟ್ರೋಂಬೋನ್, ಒಂದು ಟ್ಯೂಬ ಎಂಬ ಹತ್ತು ವಾದ್ಯಗಳ ರೂಪವನ್ನು ತಾಳಿ ದೇಶದೇಶಗಳಲ್ಲಿ ಪ್ರಸಿದ್ಧವಾಯಿತು.

ಕೃತಿಗಳ ಅಭಾವವನ್ನು ತುಂಬಲು ವೃಂದವು ಮೊದಲು ಹಿಂದಕ್ಕೆ ನೋಡಿತು. ವೆನಿಸ್ಸಿನ ಸಂತ ಮಾರ್ಕನ ದೇವಾಲಯದಲ್ಲಿ ಆರ್ಗನ್ ವಾದಕನಾಗಿದ್ದ ಜೊವಾನ್ನಿ ಗಾಬ್ರಿಯೇಲಿಯು 1597ರಲ್ಲಿ ಮುದ್ರಿಸಿದ ಸಂಪುಟದಲ್ಲಿ ‘ಸೊನಾಟ ಪಿಯಾನ್ ಎ ಫೋರ್ಟೆ’ ಎಂಬ ರಚನೆಯಿದೆ. ಮೃದುವಾಗಿ ಎಲ್ಲಿ, ಗಟ್ಟಿಯಾಗಿ ಎಲ್ಲಿ ನುಡಿಸಬೇಕೆಂಬುದನ್ನೂ ವಾದ್ಯಗಳ ಹೆಸರನ್ನೂ ಸೂಚಿಸಿದ ಅತಿ ಹಳೆಯ ಮುದ್ರಿತ ಕೃತಿಗಳಲ್ಲಿ ಇದೊಂದು. ಇದರಲ್ಲಿ ಎರಡು ಗುಂಪುಗಳು ಪರಸ್ಪರ ಉತ್ತರ ಕೊಡುತ್ತವೆ. ಮೂರು ಮೂರು ಟ್ರೋಂಬೋನುಗಳ ಮೇಲೆ ಒಂದು ಗುಂಪಿನಲ್ಲಿ ಕೋರ್ನೆಟ್ಟೊ, ಮತ್ತೊಂದರಲ್ಲಿ ಪಿಟೀಲು. ಕೋರ್ನೆಟ್ಟೊ ಎಂಬುದು ಚರ್ಮ ಹೊದಿಸಿದ ಮರದ ವಾದ್ಯ. ಟ್ರಂಪೆಟ್ಟಿನಂತಹ ಬಾಯಿ, ಕೊಳಲಿನಂತಹ ಬೆರಳುರಂಧ್ರಗಳು. ಇಂದಿನ ಹಿತ್ತಾಳೆ ಗೋಷ್ಠಿಯಲ್ಲಿ ಇವೆರಡರ ಸ್ಥಾನವನ್ನೂ ಕವಾಟವುಳ್ಳ ವಾದ್ಯಗಳೇ ಆಕ್ರಮಿಸುತ್ತವೆ. ಹೀಗಿರಲು ಕೇಳಿಬರುವುದು 1597ರ ವೆನಿಸ್ಸೇ?

ನಾದದ ದೃಷ್ಟಿಯಿಂದ ಅಲ್ಲವೆಂದೇ ಹೇಳಬೇಕು. ಎರಡು ಗುಂಪುಗಳಿಗೆ ಎರಡು ಬಣ್ಣಗಳಿದ್ದುದು ಅಳಿದು ಒಂದೇ ಲೋಹದ ಹೊಳಪು ಉಳಿಯುತ್ತದೆ. ಈ ನಷ್ಟ ಅಲ್ಪವಾದುದಲ್ಲ. ಆದರೆ ಪ್ರಶ್ನೋತ್ತರದ ಕ್ರಮ, ಒಂದು ಗುಂಪು ಮೌನವಾದಾಗ ಮತ್ತೊಂದು ಮೃದುವಾಗಿ ಮೂಡುವ ಬಗೆ, ಇವು ಪೂರ್ಣವಾಗಿ ಉಳಿಯುತ್ತವೆ. ಹಿತ್ತಾಳೆಯೆಂದರೆ ಅಬ್ಬರವೇ ಎಂದು ತಿಳಿದವರು ಆ ಮೃದುಭಾಗವನ್ನೇ ಮುಖ್ಯವಾಗಿ ಆಲಿಸಬೇಕು.

ಮುಸೋರ್ಗ್‌ಸ್ಕಿಯ ‘ಪ್ರದರ್ಶನದ ಚಿತ್ರಗಳು’ ಎಂಬ ಕೃತಿಯ ಸಮಸ್ಯೆ ಬೇರೆ. ಇದು 1874ರಲ್ಲಿ ಪಿಯಾನೋವಿಗೆ ರಚಿತವಾದುದು. 1922ರಲ್ಲಿ ರವೇಲ್ ಇದನ್ನು ಮೇಳಕ್ಕೆ ಅಳವಡಿಸಿದನು. ವೃಂದದ ಟ್ರಂಪೆಟ್ ವಾದಕರೂ ನಿರ್ದೇಶಕರೂ ಆಗಿದ್ದ ಎಲ್ಗರ್ ಹೊವಾರ್ತ್ 1970ರ ದಶಕದಲ್ಲಿ ಹಿತ್ತಾಳೆಗೆ ಅಳವಡಿಸಿದರು. ಪಿಯಾನೋವಿನ ಸ್ವರ ಮೀಟಿದೊಡನೆ ಕ್ಷೀಣಿಸತೊಡಗುತ್ತದೆ. ಊದುವವನು ಸ್ವರವನ್ನು ಹಿಡಿದು ಬೆಳೆಸಬಲ್ಲನು. ಆದುದರಿಂದ ಕೊನೆಯ ‘ಮಹಾದ್ವಾರ’ ಹಿತ್ತಾಳೆಯಲ್ಲಿ ಮೂಲಕ್ಕಿಂತ ವಿಶಾಲವಾಗುವುದು ಸಹಜ. ಮೊಟ್ಟೆಯೊಡೆಯದ ಮರಿಗಳ ನೃತ್ಯದಂತಹ ಲಘುಭಾಗಗಳಲ್ಲಿ ವಾದಕರ ನಿಜವಾದ ಪರೀಕ್ಷೆ.

ಎರವಲಿನಿಂದ ಮಾತ್ರ ವೃಂದವು ತೃಪ್ತಿಹೊಂದಲಿಲ್ಲ. ಜಪಾನಿನ ತಾಕೆಮಿತ್ಸು (1974), ಇಂಗ್ಲೆಂಡಿನ ಮಾಲ್ಕಂ ಆರ್ನಲ್ಡ್ (1978), ಪೋಲೆಂಡಿನ ಲುಟೊಸ್ಲಾವ್‌ಸ್ಕಿ (1982) ಇದಕ್ಕಾಗಿ ಹೊಸ ಕೃತಿಗಳನ್ನು ರಚಿಸಿದರು. ತಾಕೆಮಿತ್ಸುವಿನ ‘ಗಾರ್ಡನ್ ರೇನ್’ ನಿಧಾನವಾದ, ಮೌನಪ್ರಧಾನವಾದ ರಚನೆ. ರಣಘೋಷದ ವಾದ್ಯಗಳಿಂದ ಇದನ್ನು ಯಾರೂ ನಿರೀಕ್ಷಿಸುತ್ತಿರಲಿಲ್ಲ.

ಜೋನ್ಸ್ 1986ರಲ್ಲಿ ನಿವೃತ್ತರಾದರು. ವಾದಕರು ‘ಲಂಡನ್ ಬ್ರಾಸ್’ ಎಂಬ ಹೆಸರಿನಲ್ಲಿ ಮುಂದುವರಿದರು. ಜೋನ್ಸ್ ಮತ್ತು ಹೊವಾರ್ತರ ಸಂಪಾದಕತ್ವದಲ್ಲಿ ‘ಜಸ್ಟ್ ಬ್ರಾಸ್’ ಎಂಬ ಮಾಲೆಯಾಗಿ ಅಚ್ಚಾದ ಸ್ವರಲಿಪಿಗಳಿಂದ ಈ ಸಂಗೀತ ಇತರ ಗೋಷ್ಠಿಗಳ ಕೈಗೂ ಸೇರಿತು.