ದಂತಬಂಧಕದ ಹಿಡಿತ: ಪ್ರಭಾವ ಬೀರುವ ಅಂಶಗಳು

ಗಾರೆ ಹಚ್ಚುವ ಮುನ್ನ ಇಟ್ಟಿಗೆಗೆ ನೀರು ಕುಡಿಸಬೇಕೆಂಬುದು ಗಾರೆಕೆಲಸದವರ ವೃತ್ತಿಜ್ಞಾನ. ಒಣ ಇಟ್ಟಿಗೆ ಗಾರೆಯ ತೇವವನ್ನು ಹೀರಿಕೊಂಡರೆ ಬೆಸುಗೆ ಸಡಿಲವಾಗುತ್ತದೆ. ಅಂಟಿನ ಹಿಡಿತವು ಅಂಟಿನ ಗುಣವನ್ನಷ್ಟೇ ಅಲ್ಲದೆ, ಅದು ಕೂರುವ ಮೈಯ ಸಿದ್ಧತೆಯನ್ನೂ ಅವಲಂಬಿಸಿದೆ ಎಂಬುದು ಇದರ ತಾತ್ಪರ್ಯ. ಹಲ್ಲಿಗೆ ತೊಡಿಸುವ ಕವಚವನ್ನು, ಅಂದರೆ ಜನ ‘ಕ್ಯಾಪ್’ ಎಂದು ಕರೆಯುವುದನ್ನು, ಕೂಡಿಸುವ ಸಿಮೆಂಟಿಗೂ ಈ ಮಾತು ಅನ್ವಯಿಸುತ್ತದೆ.

ಹಲ್ಲಿನ ಹೊರಪದರವಾದ ಎನಾಮಲ್ ತೂಕದಲ್ಲಿ ಶೇ. 96ರಷ್ಟು ಖನಿಜಮಯವಾದುದು. 1955ರಲ್ಲಿ ಅಮೆರಿಕದ ಮೈಕೇಲ್ ಬುವನೊಕೋರ್ ಫಾಸ್ಫಾರಿಕ್ ಆಮ್ಲದಿಂದ ಎನಾಮಲನ್ನು ಸಂಸ್ಕರಿಸಿದರೆ ರಾಳವು ಹೆಚ್ಚು ಭದ್ರವಾಗಿ ಹಿಡಿಯುವುದನ್ನು ತೋರಿಸಿಕೊಟ್ಟರು. ಆಮ್ಲವು ಮೇಲ್ಮೈಯಲ್ಲಿ ಸೂಕ್ಷ್ಮ ಕುಳಿಗಳನ್ನುಂಟುಮಾಡುತ್ತದೆ. ರಾಳವು ಅವುಗಳೊಳಗೆ ಹರಿದು ಗಟ್ಟಿಯಾಗುತ್ತದೆ. ಒಳಪದರವಾದ ಡೆಂಟಿನ್‌ನ ಸ್ವಭಾವ ಬೇರೆ. ಅದರಲ್ಲಿ ನೀರೂ ಕಾಲಜನ್ ಎಂಬ ನಾರಿನ ಬಲೆಯೂ ಇವೆ. ಆಮ್ಲ ಹಚ್ಚಿ ತೊಳೆದ ಮೇಲೆ ಅತಿಯಾಗಿ ಒಣಗಿಸಿದರೆ ಆ ಬಲೆ ಕುಸಿದು ರಾಳ ಒಳಸೇರದು. ನೀರು ಹೆಚ್ಚಾಗಿ ಉಳಿದರೂ ಬೆಸುಗೆ ದುರ್ಬಲವಾಗುತ್ತದೆ.

ಸಿಮೆಂಟಿನ ಜಾತಿಯೂ ಮುಖ್ಯ. ಸತುವಿನ ಫಾಸ್ಫೇಟ್ ಸಿಮೆಂಟ್ ಹಲ್ಲಿನೊಡನೆ ರಾಸಾಯನಿಕವಾಗಿ ಬೆಸೆಯುವುದಿಲ್ಲ; ಹಲ್ಲು ಮತ್ತು ಕವಚಗಳ ಉಬ್ಬುತಗ್ಗುಗಳ ನಡುವೆ ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಆದ್ದರಿಂದ ಕೊರೆದ ಹಲ್ಲು ಸಾಕಷ್ಟು ಎತ್ತರವಾಗಿ, ಗೋಡೆಗಳು ಬಹುತೇಕ ಸಮಾಂತರವಾಗಿ ಇರಬೇಕು. ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ವಿವರಿಸಿದ ಗ್ಲಾಸ್ ಅಯಾನೊಮರ್ ಸಿಮೆಂಟ್ ಹಲ್ಲಿನ ಕ್ಯಾಲ್ಸಿಯಂನೊಡನೆ ನೇರವಾಗಿ ಬಂಧಗೊಳ್ಳುತ್ತದೆ. ಯಾವ ಬಗೆಯದಾದರೂ ಪುಡಿ-ದ್ರವಗಳ ಪ್ರಮಾಣ ತಪ್ಪಿದರೆ, ಜೊಲ್ಲು ಅಥವಾ ರಕ್ತ ತಾಗಿದರೆ ಹಿಡಿತ ಕುಂದುತ್ತದೆ. ಲವಂಗದೆಣ್ಣೆಯ ಪ್ರಧಾನ ಘಟಕವಾದ ಯೂಜೆನಾಲ್ ತಾತ್ಕಾಲಿಕ ಸಿಮೆಂಟುಗಳಲ್ಲಿ ಬಳಕೆಯಲ್ಲಿದೆ. ಹಲ್ಲುನೋವಿಗೆ ಮನೆಮದ್ದಾದ ಈ ವಸ್ತುವಿನ ಶೇಷ ಹಲ್ಲಿನ ಮೇಲೆ ಉಳಿದರೆ ರಾಳ ಗಟ್ಟಿಯಾಗಲು ಅಡ್ಡಿಯಾಗುತ್ತದೆ.

ಕರ್ನಾಟಕದ ಸಂದರ್ಭದಲ್ಲಿ ಇನ್ನೊಂದು ಅಂಶ ಗಮನಾರ್ಹ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ಪ್ರದೇಶಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿರುವ ಊರುಗಳಿವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿ.ಗ್ರಾಂ ಮಿತಿ. ಎನಾಮಲ್ ರೂಪುಗೊಳ್ಳುವ ಬಾಲ್ಯದಲ್ಲಿ ಹೆಚ್ಚು ಫ್ಲೋರೈಡ್ ಸೇವಿಸಿದವರ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಮೂಡುತ್ತದೆ. ಇಂಥ ಎನಾಮಲ್‌ನ ಹೊರಮೈ ಆಮ್ಲಕ್ಕೆ ಸುಲಭವಾಗಿ ಜಗ್ಗದು. ಅದರ ಕೆಳಗಿನ ಪದರ ರಂಧ್ರಮಯ. ಹೀಗಾಗಿ ತೀವ್ರ ಕಲೆಯ ಹಲ್ಲುಗಳಲ್ಲಿ ರಾಳದ ಹಿಡಿತ ಅನಿಶ್ಚಿತ. ಆಮ್ಲ ಹಚ್ಚುವ ಅವಧಿಯನ್ನು ಹೆಚ್ಚಿಸುವುದು, ಹೊರಪದರವನ್ನು ತೆಳುವಾಗಿ ಉಜ್ಜುವುದು ಇದಕ್ಕೆ ವೈದ್ಯರು ಅನುಸರಿಸುವ ಕ್ರಮಗಳು.

ಕಲೆಯನ್ನು ಮರೆಮಾಡಲೆಂದು ಹಣ ತೆತ್ತು ಅಂಟಿಸಿಕೊಂಡ ಹೊದಿಕೆ ಬೇಗ ಕಳಚಿದರೆ ನಷ್ಟ ರೋಗಿಯದು. ಬಳಸಿದ ಸಿಮೆಂಟ್ ಯಾವುದೆಂಬುದರ ಜೊತೆಗೆ, ಆತ ಬಾಲ್ಯದಲ್ಲಿ ಯಾವ ಊರಿನ ನೀರು ಕುಡಿದನೆಂಬುದೂ ಬೆಸುಗೆಯ ಆಯುಷ್ಯಕ್ಕೆ ಸಂಬಂಧಿಸಿದ ವಿಷಯವೇ ಆಗಿದೆ.